ಗೋಡೆಯ ಮೇಲಿನ ಲೋಟ

ರಾಜೀವಿ ಆ ಲೋಟವನ್ನು ಮೊದಲು ಕಂಡಿದ್ದು ಮಾಘ ಮಾಸದ ಒಂದು ಸೋಮವಾರ ಸಂಜೆ, ಶಾಲೆಯಿಂದ ಬಂದು ಗೇಟಿನ ಚಿಲಕ ತೆಗೆಯುವಾಗ. ಅಂಚು ಜಜ್ಜಿದ ಹಳೆಯ ಅಲ್ಯುಮಿನಿಯಂ ಲೋಟ. ಕಂಪೌಂಡ್ ಗೋಡೆಯ ಮೂಲೆಯಲ್ಲಿ, ಪೇರಲೆ ಗಿಡದ ನೆರಳಿಗೆ, ತೊಳೆದು ಬೋರಲು ಹಾಕಿತ್ತು. ಬೇರೆಯವರಾಗಿದ್ದರೆ ಯಾರೋ ಮರೆತು ಹೋಗಿದ್ದಾರೆ ಅಂದುಕೊಂಡು ಸುಮ್ಮನೆ ಒಳಗೆ ಹೋಗುತ್ತಿದ್ದರು. ರಾಜೀವಿಗೆ ಮೈಯೆಲ್ಲ ಉರಿದುಹೋಯಿತು.

ಅದಕ್ಕೆ ಕಾರಣವಿದೆ. ಎರಡು ವರ್ಷದ ಹಿಂದೆ, ಹೆರಿಗೆ ರಜೆ ಮುಗಿದು ಅವಳು ಶಾಲೆಗೆ ಹೊರಟಾಗ, ನಾಲ್ಕು ತಿಂಗಳ ಸಂಹಿತಾಳನ್ನು ನೋಡಿಕೊಳ್ಳಲು ದ್ಯಾವಮ್ಮ ಬಂದಳು. ಕಿರವತ್ತಿ ಕಡೆಯ ರೈತರ ಮನೆಯ ಹೆಣ್ಣು, ಗಂಡ ಸತ್ತ ಮೇಲೆ ಮಗಳನ್ನು ಓದಿಸಲು ಯಲ್ಲಾಪುರದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದಳು. ಅವಳು ಬಂದ ಮೊದಲನೇ ದಿನವೇ, ಭೈರುಂಬೆಯಿಂದ ಬಾಣಂತನಕ್ಕೆ ಬಂದಿದ್ದ ಅತ್ತೆ, ಅಟ್ಟದಿಂದ ಹಳೆಯ ಲೋಟವೊಂದನ್ನು ಇಳಿಸಿ ಹಿತ್ತಿಲ ಕಟ್ಟೆಯ ಮೇಲಿಟ್ಟರು. ಕೆಲಸದವರ ಲೋಟ, ಅವರೇ ತೊಳೆದು ಅಲ್ಲೇ ಇಡಬೇಕು. ಆ ಸೀಮೆಯ ತೋಟದ ಮನೆಗಳಲ್ಲಿ ತಲೆತಲಾಂತರದಿಂದ ನಡೆದು ಬಂದ ಸಂಗತಿ, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ರಾಜೀವಿ ಆ ಲೋಟವನ್ನು ಎತ್ತಿ ಗುಜರಿಯವನಿಗೆ ಕೊಟ್ಟು, ಮನೆಯವರೆಲ್ಲ ಕುಡಿಯುವ ಸ್ಟೀಲ್ ಲೋಟದಲ್ಲಿ ದ್ಯಾವಮ್ಮನಿಗೆ ಚಹಾ ಕೊಟ್ಟಳು. ಅತ್ತೆ ಮೂರು ದಿನ ಮುಖ ಊದಿಸಿಕೊಂಡಿದ್ದರು, ನಾಲ್ಕನೇ ದಿನ ಸರಿಹೋದರು.

ಗಣಿತ ಕಲಿಸುವ ಹೆಂಗಸು ರಾಜೀವಿ. ಬದುಕಿನಲ್ಲಿ ಹೇಳಿಕೊಳ್ಳುವಂಥ ದೊಡ್ಡ ಕೆಲಸ ಅಂತ ಮಾಡಿದ್ದು ಇದೊಂದೇ. ಹಾಗಾಗಿ ಅದನ್ನು ಹೇಳಿಕೊಂಡಳು ಕೂಡ, ಒಂದಲ್ಲ ಹತ್ತು ಸಲ. ಮಾಸ್ತರರ ಕೋಣೆಯಲ್ಲಿ ಹೇಳಿದಾಗ ಸಮಾಜ ಪಾಠದ ಶಾಂತಾರಾಮ ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡು, “ನನ್ನ ಅಜ್ಜಿ ಸಾಯೋವರೆಗೂ ಹೊರಗಿನ ಲೋಟದಲ್ಲೇ ಕುಡಿದವ್ಳು ಅಕ್ಕೋರೆ. ನೀವು ಮಾಡಿದ್ದು ಸಣ್ಣ ಕೆಲಸ ಅಲ್ಲ,” ಅಂದಿದ್ದರು. ಆ ಮಾತನ್ನು ರಾಜೀವಿ ಒಳಗೇ ಜೋಪಾನವಾಗಿ ಇಟ್ಟುಕೊಂಡಿದ್ದಳು.

ಈಗ ನೋಡಿದರೆ ಅದೇ ಲೋಟದ ತಮ್ಮನೋ ಅಣ್ಣನೋ ರಸ್ತೆಗೆ ಕಾಣುವ ಹಾಗೆ ಗೋಡೆ ಏರಿ ಕುಳಿತಿದೆ.

“ದ್ಯಾವಮ್ಮಾ, ಯಾರು ಇಟ್ಟದ್ದು ಇದನ್ನ?”

ಜಗುಲಿಯಲ್ಲಿ ಮಗುವಿನ ಬಟ್ಟೆ ಮಡಚುತ್ತಿದ್ದ ದ್ಯಾವಮ್ಮ ತಲೆ ಎತ್ತಲಿಲ್ಲ. “ನಂದ ರೀ ಅಕ್ಕೋರ. ಮನಿಂದ ತಂದೀನಿ.”

“ಯಾಕೆ? ಮನೆಯಲ್ಲಿ ಲೋಟ ಇಲ್ವಾ?”

“ಇರ್ಲಿ ಬಿಡ್ರಿ. ನನಗ ಇದ ರೂಢಿ.”

ಎರಡು ವರ್ಷ ಒಳಗಿನ ಲೋಟದಲ್ಲಿ ಕುಡಿದವಳಿಗೆ ಇದ್ದಕ್ಕಿದ್ದಂತೆ ಹೊರಗಿನ ಲೋಟ ರೂಢಿಯಾಗುವುದೆಂದರೇನು! ಯಾರೋ ಏನೋ ಅಂದಿದ್ದಾರೆ, ಅಂದವರು ಯಾರು ಅಂತಲೂ ತನಗೆ ಗೊತ್ತು ಅಂದುಕೊಂಡ ರಾಜೀವಿ ಸೀದಾ ಒಳಗೆ ಹೋಗಿ ಭೈರುಂಬೆಗೆ ಫೋನು ಹಚ್ಚಿದಳು. ಸಂಕ್ರಾಂತಿಗೆ ಬಂದು ಹೋಗಿದ್ದ ಅತ್ತೆಯನ್ನು ಬಿಟ್ಟು ಬೇರೆ ಯಾರಿಗೆ ಇಂಥದ್ದು ಹೊಳೆದೀತು?

“ನಿಂಗ ದ್ಯಾವಮ್ಮಂಗೆ ಎಂತ ಹೇಳಿದ್ರಿ?”

“ಆನೆಂತ ಹೇಳ್ಲೆ?” ಅತ್ತೆಗೆ ತಲೆಬುಡ ತಿಳಿಯಲಿಲ್ಲ. ವಿಷಯ ಗೊತ್ತಾದ ಮೇಲೆ ಅವರ ದನಿ ಸಣ್ಣದಾಯಿತು. “ಯನ್ನ ಕಾಲು ಉಳುಕಿ ಬಿದ್ಕಂಡಾಗ ಹದಿನೈದು ದಿನ ಎಣ್ಣೆ ತಿಕ್ಕಿದ್ದು ದ್ಯಾವಮ್ಮನೇ ಅಲ್ದ? ಅದ್ರ ಲೋಟ ಹೊರಗಿಡು ಹೇಳುವವ್ಳಾ ಆನು? ನೀ ಯನ್ನ ಹಾಂಗೆ ತಿಳ್ಕಂಡಿದ್ಯಾ?”

ಫೋನು ಇಟ್ಟ ಶಬ್ದ ಕೇಳಿತು. ರಾಜೀವಿ ನಂಬಲಿಲ್ಲ. ಒಬ್ಬರ ಮೇಲೆ ಅನುಮಾನ ಕೂತ ಮೇಲೆ ಅವರ ಸಣ್ಣ ದನಿಯೂ ನಾಟಕದ ಹಾಗೆಯೇ ಕೇಳುತ್ತದೆ.

ಆಮೇಲಿನ ದಿನಗಳಲ್ಲಿ ಅವಳು ದ್ಯಾವಮ್ಮನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡತೊಡಗಿದಳು. ನೋಡಿದಷ್ಟೂ ತಲೆ ಕೆಟ್ಟಿತು. ಮೊದಲೆಲ್ಲ ಬಿಸಿ ಅನ್ನವನ್ನು ತುತ್ತು ತುತ್ತಿಗೂ ಊದಿ, ಕಾಗೆ ಗುಬ್ಬಿ ಅಂತ ಕತೆ ಕಟ್ಟಿ ತಿನ್ನಿಸುತ್ತಿದ್ದವಳು ಈಗ ಅನ್ನವನ್ನು ತಟ್ಟೆಯಲ್ಲಿ ಹರವಿ, ಬೀಸಣಿಗೆಯಿಂದ ಗಾಳಿ ಹಾಕಿ, ಕೈ ಉದ್ದಕ್ಕೆ ಚಾಚಿ ಮಗುವಿನ ಬಾಯಿಗೆ ಇಡುತ್ತಿದ್ದಳು. ಸೆರಗು ಯಾವಾಗಲೂ ಮೂಗಿನ ಮೇಲೆ. ಬಾಗಿಲು ಕಿಟಕಿಗಳೆಲ್ಲ ಹಾರುಹೊಡೆದಿರುತ್ತಿದ್ದವು. ಮಗು ತೊಡೆ ಏರಲು ಬಂದರೆ ಗೊಂಬೆಯನ್ನೋ ಚಮಚವನ್ನೋ ದೂರ ಎಸೆದು ಆ ಕಡೆಗೆ ಓಡಿಸುವುದು. ಮಧ್ಯಾಹ್ನ ಒಟ್ಟಿಗೆ ಮಲಗುತ್ತಿದ್ದವರು ಈಗ ಮಗು ಒಳಗೆ, ಇವಳು ಜಗುಲಿಯಲ್ಲಿ. ಸಂಹಿತಾ “ದ್ಯಾವಿ, ದ್ಯಾವಿ” ಅಂತ ಅತ್ತು ಅತ್ತು ನಿದ್ದೆ ಹೋಗುತ್ತಾಳೆಂದು ಪಕ್ಕದ ಮನೆಯವರೇ ಹೇಳಿದರು.

ಕೆಲಸದ ಮೇಲೆ ಮನಸ್ಸಿಲ್ಲ ಅಂತ ರಾಜೀವಿ ತೀರ್ಮಾನ ಮಾಡಿದಳು. ಹೆದ್ದಾರಿಯ ಡಾಬಾದಲ್ಲಿ ಜಾಸ್ತಿ ಪಗಾರ ಸಿಗುತ್ತದಂತೆ, ಅಲ್ಲಿಗೆ ಹೋಗುವ ಸನ್ನಾಹ ಇರಬೇಕು, ಅದಕ್ಕೇ ಕಾಲು ಕೆರೆದು ಜಗಳ ತೆಗೆಯಲು ಈ ಲೋಟದ ಆಟ. ನಡುನಡುವೆ ದ್ಯಾವಮ್ಮ ಕೆಮ್ಮುತ್ತಿದ್ದಳು, ನಿಜ. ಧನುರ್ಮಾಸದ ಚಳಿಯಿಂದಲೂ ಅದು ಇತ್ತು. ರಾಜೀವಿ ಕಾಳುಮೆಣಸಿನ ಕಷಾಯ ಮಾಡಿ ಕೊಟ್ಟಿದ್ದಳು, ಕೊಟ್ಟು ಮರೆತಿದ್ದಳು.

ಫೆಬ್ರವರಿ ಕೊನೆಯ ಒಂದು ಶನಿವಾರ ಅದು ಸಿಡಿಯಿತು. ಬೆಳಗಿನ ಶಾಲೆ ಮುಗಿಸಿ ಬಂದ ರಾಜೀವಿ ಚಹಾ ಮಾಡಿ, ಬೇಕೆಂದೇ ಸ್ಟೀಲ್ ಲೋಟಕ್ಕೆ ಹೊಯ್ದು, ಜಗುಲಿಗೆ ತಂದು ದ್ಯಾವಮ್ಮನ ಕೈಗೆ ಹಿಡಿಸಿದಳು.

“ಇದರಲ್ಲೇ ಕುಡಿ.”

“ಬ್ಯಾಡ್ರಿ ಅಕ್ಕೋರ. ನನ್ನ ಲೋಟಕ್ಕ ಹಾಕ್ರಿ.”

“ನನ್ನ ಮನೆಯಲ್ಲಿ ಹೊರಗಿನ ಲೋಟ ಅಂತ ಇಲ್ಲ. ನೀನು ಕುಡಿಯೋವರೆಗೂ ನಾನಿಲ್ಲಿಂದ ಕದಲೋದಿಲ್ಲ.”

ದ್ಯಾವಮ್ಮ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿ, ಗಂಟಲು ಸುಡುವುದನ್ನೂ ನೋಡದೆ ಗಟಗಟ ಕುಡಿಯತೊಡಗಿದಳು. ರಾಜೀವಿಗೆ ಗೆದ್ದ ಸಮಾಧಾನ. ಅಷ್ಟರಲ್ಲಿ ಒಳಗಿನಿಂದ ಸಂಹಿತಾ ಓಡಿ ಬಂದಳು. ದ್ಯಾವಮ್ಮನ ಚಹಾದ ಕೊನೆಯ ಗುಟುಕು ಯಾವತ್ತೂ ಅವಳದು. ತಳದಲ್ಲಿ ಸಕ್ಕರೆ ಉಳಿಸಿ ಕೊಡುವುದು ಇಬ್ಬರ ನಡುವಿನ ಹಳೆಯ ಗುಟ್ಟು. ಮಗು ಲೋಟಕ್ಕೆ ಕೈ ಹಾಕಿ ಬಾಯಿಗೆ ಎಳೆದುಕೊಂಡಿತು.

ದ್ಯಾವಮ್ಮ ಫಟಾರನೆ ಮಗುವಿನ ಕೈಗೆ ಹೊಡೆದಳು.

ಲೋಟ ಮೆಟ್ಟಿಲಿನಿಂದ ಮೆಟ್ಟಿಲಿಗೆ ಉರುಳಿ ಅಂಗಳಕ್ಕೆ ಬಿತ್ತು. ಮಗುವಿಗೆ ಒಂದು ಕ್ಷಣ ಅಳಲೂ ತೋಚಲಿಲ್ಲ. ಹುಟ್ಟಿದಾಗಿನಿಂದ ಯಾರ ಕೈಯಿಂದಲೂ ಪೆಟ್ಟು ತಿಂದ ಕೂಸಲ್ಲ ಅದು. ರಾಜೀವಿ ಮಗಳನ್ನು ಎತ್ತಿಕೊಂಡಳು. ಕೆಂಪಾದ ಆ ಪುಟ್ಟ ಅಂಗೈ ನೋಡಿದ ಮೇಲೆ ಅವಳ ಬಾಯಿಂದ ಮಾತು ತಾನಾಗಿಯೇ ಬಂತು.

“ನಾಳೆಯಿಂದ ಬರಬೇಡ. ಈ ಮನೆ ಮೆಟ್ಟಿಲು ಹತ್ತಬೇಡ.”

ದ್ಯಾವಮ್ಮ ಮೆಟ್ಟಿಲು ಇಳಿದಳು. ಅಂಗಳದಲ್ಲಿ ಬಿದ್ದ ಲೋಟವನ್ನು ಬೂದಿ ಹಾಕಿ ತಿಕ್ಕಿ, ಬಚ್ಚಲ ಹಂಡೆಯ ಕುದಿವ ನೀರನ್ನು ಮೂರು ಸಲ ಹೊಯ್ದು ತೊಳೆದು ಮೆಟ್ಟಿಲ ಮೇಲಿಟ್ಟಳು. ಗೋಡೆಯ ಮೇಲಿನ ತನ್ನ ಲೋಟವನ್ನು ಚೀಲಕ್ಕೆ ಹಾಕಿಕೊಂಡು ಗೇಟು ದಾಟಿದಳು. ಹೊರಡುವವಳು ಲೋಟ ತೊಳೆದು ಇಟ್ಟು ಹೋಗುವುದನ್ನು ನೋಡಿ ರಾಜೀವಿಗೆ ಇನ್ನಷ್ಟು ಸಿಟ್ಟು ಬಂತು, ಅದನ್ನೂ ಸೊಕ್ಕು ಅಂದುಕೊಂಡಳು.

ಸೋಮವಾರ ಮಧ್ಯಾಹ್ನ ಸರ್ಕಾರಿ ಆಸ್ಪತ್ರೆಯ ಕಲ್ಲಯ್ಯ ಸೈಕಲ್ ಒರಗಿಸಿ ಬಂದ. ಊರಿನಲ್ಲಿ ಟೀಬಿ ರೋಗಿಗಳಿಗೆ ದಿನ ಬಿಟ್ಟು ದಿನ ಎದುರಿಗೇ ಮಾತ್ರೆ ನುಂಗಿಸುವ ಕೆಲಸ ಅವನದು. ರಾಜೀವಿ ಅಂದು ಮಗುವನ್ನು ನೋಡಿಕೊಳ್ಳಲು ಯಾರೂ ಇಲ್ಲದೆ ಶಾಲೆಗೆ ರಜೆ ಹಾಕಿದ್ದಳು.

“ಅಕ್ಕೋರ, ನಿಮ್ಮ ಮನ್ಯಾಗ ಆರು ವರ್ಷದ ಒಳಗಿನ ಕೂಸು ಐತಲ್ರಿ? ಆಸ್ಪತ್ರಿಗೆ ತಂದು ತೋರ್ಸ್ರಿ. ಅಂಜೋದೇನಿಲ್ಲ, ಪರೀಕ್ಷಾ ಅಷ್ಟ. ದ್ಯಾವಮ್ಮಗ ಟೀಬಿ ಐತಿ.”

ರಾಜೀವಿ ಕೂಸನ್ನು ಹತ್ತಿರ ಎಳೆದುಕೊಂಡಳು.

ಕಲ್ಲಯ್ಯ ಹೇಳುತ್ತ ಹೋದ. ಜನವರಿ ಕೊನೆಯಲ್ಲಿ ಕಫ ಪರೀಕ್ಷೆಯಲ್ಲಿ ಗೊತ್ತಾಗಿದ್ದು. ಆರು ತಿಂಗಳ ಮಾತ್ರೆ. ಪುಕ್ಕಟೆ. ತಪ್ಪದೆ ತೆಗೆದುಕೊಂಡರೆ ಪೂರ್ತಿ ವಾಸಿ. ಮೊದಲು ಒಂದು ತಿಂಗಳು ಮನೆಯಲ್ಲೇ ಇರು, ಮಕ್ಕಳ ಹತ್ತಿರ ಹೋಗಬೇಡ ಅಂತ ಡಾಕ್ಟರು ಹೇಳಿದರೆ ಕೇಳಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಮಾತ್ರೆ ನುಂಗಿ ನೇರ ಕೆಲಸಕ್ಕೆ ಹೋಗುವಳು. ಕೆಲಸದ ಮನೆಯವರಿಗೆ ಹೇಳುತ್ತೇನೆ ಅಂದರೆ ಕೈ ಮುಗಿದು ಬೇಡ ಅಂದಳು.

“ಮೊನ್ನೆ ಶನಿವಾರ ಸಂಜಿಗೆ ತಾನ ಓಡಿಕೋತ ಬಂದ್ಲು ನೋಡ್ರಿ. ‘ಈಗ ಹೇಳ್ರಿ ಅಕ್ಕೋರಿಗೆ, ಕೂಸಿಂದು ಪರೀಕ್ಷಾ ಮಾಡಸ್ರಿ’ ಅಂದ್ಲು. ಆದ್ರ ಇವತ್ತು ಮಾತ್ರಿ ದಿನ, ಆಕಿ ಬರ್ಲಿಲ್ಲ. ಕೋಣಿಗೆ ಹೋಗಿ ನೋಡಿದ್ರ ಕೀಲಿ ಹಾಕೈತಿ. ನಡುವ ಬಿಟ್ರ ಜಡ್ಡು ಗಟ್ಟಿ ಆಗತೈತ್ರಿ. ಆಮ್ಯಾಲ ಈ ಔಷಧಕ್ಕ ಜಗ್ಗೂದಿಲ್ಲ.”

“ಕಾಯಿಲೆ ಇಟ್ಟುಕೊಂಡು ಯಾಕೆ ಬರುತ್ತಿದ್ದಳು? ನನಗೆ ಒಂದು ಮಾತು ಹೇಳಬಾರದಿತ್ತಾ?” ಅಂದಳು ರಾಜೀವಿ.

ಕಲ್ಲಯ್ಯ ಸೈಕಲ್ ಸ್ಟ್ಯಾಂಡ್ ತೆಗೆಯುತ್ತ, ಯಾವ ಕುಹಕವೂ ಇಲ್ಲದೆ ಅಂದ, “ನಾನೂ ಅದ ಕೇಳಿದೆ. ‘ರಜಾ ಹಾಕಿದ್ರ ಪಗಾರ ಮುರೀತಾರ್ರಿ’ ಅಂದ್ಲು.”

ಹಿಂದಿನ ಶ್ರಾವಣದಲ್ಲಿ ದ್ಯಾವಮ್ಮ ಚಳಿಜ್ವರ ಬಂದು ಹನ್ನೊಂದು ದಿನ ಮಲಗಿದ್ದಳು. ತಿಂಗಳ ಕೊನೆಗೆ ಗಣಿತದ ಅಕ್ಕೋರು ಪಗಾರದ ಎಂಟುನೂರು ರೂಪಾಯಿಯನ್ನು ಮೂವತ್ತರಿಂದ ಭಾಗಿಸಿ, ಹನ್ನೊಂದರಿಂದ ಗುಣಿಸಿ, ಕಳೆದು, ಚಿಲ್ಲರೆ ಮೂರು ರೂಪಾಯಿ ತಾವೇ ಬಿಟ್ಟುಕೊಟ್ಟು ಉಳಿದದ್ದನ್ನು ಕೈಗಿಟ್ಟಿದ್ದರು. ಮೂರು ರೂಪಾಯಿ ಬಿಟ್ಟುಕೊಟ್ಟಿದ್ದಕ್ಕೆ ಒಳಗೊಳಗೇ ಬೆನ್ನನ್ನೂ ತಟ್ಟಿಕೊಂಡಿದ್ದರು. ದ್ಯಾವಮ್ಮ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋಗಿದ್ದಳು. ಅದೇ ವರ್ಷ ರಾಜೀವಿ ಕಾಮಾಲೆಯಾಗಿ ಇಪ್ಪತ್ತು ದಿನ ಮಲಗಿದ್ದಳು. ಡಾಕ್ಟರ ಚೀಟಿ ಲಗತ್ತಿಸಿ ಅರ್ಜಿ ಕೊಟ್ಟರೆ ಮುಗಿಯಿತು, ಒಂದು ಪೈಸೆ ಕಡಿತವಿಲ್ಲದೆ ಪಗಾರ ಬಂತು. ಆ ಇಪ್ಪತ್ತು ದಿನ ಗಂಜಿ ಬೇಯಿಸಿ ಕೊಟ್ಟವಳು, ವಾಂತಿ ಬಳಿದವಳು ದ್ಯಾವಮ್ಮ. ಎರಡೂ ಸಂಗತಿ ಒಂದೇ ಮನೆಯಲ್ಲಿ, ಆರು ತಿಂಗಳ ಅಂತರದಲ್ಲಿ ನಡೆದಿದ್ದವು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಅವಳಿಗೆ ಇಂದಿನವರೆಗೂ ಹೊಳೆದಿರಲಿಲ್ಲ.

ಆದರೆ ನಾಚಿಕೆಗಿಂತ ಮೊದಲು ಬಂದಿದ್ದು ಭಯ, ಭಯದ ಹಿಂದೆಯೇ ಸಿಟ್ಟು. ಹೊಟ್ಟೆಪಾಡು ಇರಬಹುದು, ಹಾಗಂತ ನನ್ನ ಕೂಸಿನ ಶ್ವಾಸಕ್ಕೆ ಕುತ್ತು ತರುವುದೇ? ಆ ರಾತ್ರಿ ಮತ್ತು ಮರುದಿನ ರಾಜೀವಿ ದ್ಯಾವಮ್ಮನನ್ನು ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದಳು. ಬೈದು ಮುಗಿಸುವಷ್ಟರಲ್ಲಿ ಬೀಸಣಿಗೆ ಕಣ್ಣೆದುರು ಬರುತ್ತಿತ್ತು, ಮೂಗಿನ ಮೇಲಿನ ಸೆರಗು ಬರುತ್ತಿತ್ತು, ಹಾರುಹೊಡೆದ ಕಿಟಕಿಗಳು ಬರುತ್ತಿದ್ದವು. ಆಮೇಲೆ ಸ್ಟೀಲ್ ಲೋಟ ಹಿಡಿದು ಎದುರು ನಿಂತ ತಾನೇ ಬರುತ್ತಿದ್ದಳು.

ಆಸ್ಪತ್ರೆಯಲ್ಲಿ ಸಂಹಿತಾಳ ಎದೆಯ ಎಕ್ಸ್‌ರೇ ತೆಗೆದರು. ಮುಂಗೈಗೆ ಸಣ್ಣ ಸೂಜಿ ಚುಚ್ಚಿ ಮೂರನೇ ದಿನ ತೋರಿಸಲು ಹೇಳಿದರು. ಚುಚ್ಚಿದಲ್ಲಿ ಗಡ್ಡೆ ಎದ್ದರೆ ಯೋಚನೆ ಮಾಡಬೇಕು. ಆ ಮೂರು ದಿನ ರಾಜೀವಿ ಗಳಿಗೆಗೊಮ್ಮೆ ಮಗಳ ಕೈ ಬೆಳಕಿಗೆ ಹಿಡಿದು ನೋಡಿದಳು. ಸಿರಸಿಯ ಸೊಸೈಟಿಯಲ್ಲಿ ಲೆಕ್ಕ ಬರೆಯುವ ಗಂಡ ಮಧುಕೇಶ್ವರ ದಿನಾ ಬಸ್ಸಿನಲ್ಲಿ ಹೋಗಿ ಬರುವವನು, ಆ ಮೂರು ದಿನ ಮಧ್ಯಾಹ್ನದ ಬಸ್ಸಿಗೇ ವಾಪಸು ಬಂದ. ಭೈರುಂಬೆಗೆ ಫೋನು ಹಚ್ಚಿ ರಾಜೀವಿ “ಅತ್ತೆ, ಯಂದು ತಪ್ಪಾತು” ಅಂದಾಗ ಆ ಕಡೆಯಿಂದ “ಆತು, ನಾಳೆ ಮೊದಲ ಬಸ್ಸಿಗೆ ಬತ್ತೆ” ಅಂತಷ್ಟೇ ಉತ್ತರ ಬಂತು. ಬಂದ ಅತ್ತೆ ಹಳೆಯ ಮಾತು ಎತ್ತಲೇ ಇಲ್ಲ. ದೊಡ್ಡವರು ಅನಿಸಿಕೊಳ್ಳುವುದಕ್ಕೆ ಅಷ್ಟು ಸಾಕಲ್ಲವೇ!

ಗಡ್ಡೆ ಏಳಲಿಲ್ಲ. ಎದೆ ಸ್ವಚ್ಛವಿತ್ತು. ಡಾಕ್ಟರು ಮುಂಜಾಗ್ರತೆಗೆ ಆರು ತಿಂಗಳು ದಿನಾ ನುಂಗುವ ಒಂದು ಸಣ್ಣ ಮಾತ್ರೆ ಬರೆದುಕೊಟ್ಟರು. ರಾಜೀವಿ ಲೋಟದ ವಿಷಯ ಕೇಳಿದಳು.

“ಇದು ಲೋಟದಿಂದ ಹರಡೋದಲ್ಲಮ್ಮ, ಕೆಮ್ಮಿದಾಗ ಗಾಳಿಯಿಂದ. ಲೋಟ ಬೇರೆ ಇಟ್ಟಿದ್ದು ಆಕೆಯ ತಿಳುವಳಿಕೆ ಅಷ್ಟೆ. ಆದರೆ ಬಾಯಿ ಮುಚ್ಚಿಕೊಂಡಳಲ್ಲ, ಬಾಗಿಲು ತೆಗೆದಿಟ್ಟಳಲ್ಲ, ಅದು ಮಾಡಿದೆ ಕೆಲಸ.”

ಮನೆಗೆ ಬಂದ ಮೇಲೆ ರಾಜೀವಿ ಮಗಳನ್ನು ಅತ್ತೆಯ ಕೈಗೆ ಕೊಟ್ಟು, ಬಚ್ಚಲ ಬಾಗಿಲು ಹಾಕಿಕೊಂಡು ಅತ್ತಳು. ಸಮಾಧಾನಕ್ಕೆ ಅತ್ತಿದ್ದೇ ಹೆಚ್ಚು, ಉಳಿದದ್ದಕ್ಕೂ ಸ್ವಲ್ಪ ಅತ್ತಳು. ಶಾಲೆಗೆ ಐದು ದಿನದ ರಜೆಯ ಅರ್ಜಿ ಬರೆಯಬೇಕಿತ್ತು. “ಮಗುವಿಗೆ ಸೌಖ್ಯವಿಲ್ಲದ ಕಾರಣ” ಅಂತ ಬರೆದಳು. ಹೆಡ್‌ಮಾಸ್ತರರು ಪೂರ್ತಿ ಓದದೇ ಸಹಿ ಹಾಕಿದರು.

ಅಂದು ಊಟಕ್ಕೆ ಕೂತಾಗ ಅವಳು ಗಂಡನಿಗೆ ಹೇಳಿದಳು, ದ್ಯಾವಮ್ಮ ಗುಣವಾಗುವವರೆಗೂ ಪಗಾರ ಕೊಡಬೇಕು ಅಂತ.

ಮಧುಕೇಶ್ವರ ತುತ್ತು ಕೈಯಲ್ಲೇ ಹಿಡಿದ. “ಕೂಸಿಗೆ ಎಂತಾರೂ ಆಗಿದ್ರೆ? ಅದ್ರ ಮೇಲಿಂದ ಪಗಾರ ಬೇರೆ! ಆರು ತಿಂಗಳು ಕೆಲಸ ಮಾಡದ್ದಕ್ಕೆ ಪಗಾರ ಕೊಡೂದು ಎಲ್ಲಾದ್ರೂ ಇದ್ದಾ?”

“ಇದ್ದು. ಯಂಗಳ ಶಾಲೆಲಿ ಇದ್ದು. ನಿಂಗಳ ಸೊಸೈಟಿಲೂ ಇದ್ದು.”

ಅವನು ತುತ್ತನ್ನು ಬಾಯಿಗಿಟ್ಟುಕೊಂಡ. ಹಿಂದಿನ ವರ್ಷ ಬೆನ್ನುನೋವಿಗೆ ತಾನು ಹಾಕಿದ ರಜೆ ನೆನಪಾಗಿರಬೇಕು. ಮಜ್ಜಿಗೆ ಬಡಿಸಿಕೊಳ್ಳುವಾಗ, “ಬರೀ ಪಗಾರ ಕೊಟ್ರೆ ಸಾಲ್ದು. ಮಾತ್ರೆ ತಪ್ಸದಾಂಗೆ ನೋಡ್ಕಳವು,” ಅಂದ. ಅದು ಅವನ ಒಪ್ಪಿಗೆ.

ರಾಜೀವಿ ಹುಡುಕಿಕೊಂಡು ಹೋದಾಗ ದ್ಯಾವಮ್ಮನ ಕೋಣೆಯ ಪಕ್ಕದಲ್ಲಿದ್ದ ಪಾರ್ವತವ್ವ ಅಂಬುವ ಮುದುಕಿ ಬಾಗಿಲು ತೆರೆದಳು. ಅವಳ ಹಿಂದೆ ಪುಸ್ತಕ ಹಿಡಿದುಕೊಂಡು ದ್ಯಾವಮ್ಮನ ಮಗಳು ರಕ್ಷಿತಾ ನಿಂತಿದ್ದಳು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ತಿಂಗಳಿಲ್ಲ. ಬಾಡಿಗೆಗೆ ದಾರಿ ಇಲ್ಲ ಅಂತ ತಾಯಿ ಕಿರವತ್ತಿಯ ತಮ್ಮನ ಮನೆಗೆ ಹೋಗಿದ್ದಾಳೆ, ಪರೀಕ್ಷೆ ಮುಗಿಯುವವರೆಗೆ ಹುಡುಗಿ ಇಲ್ಲಿ ಅಂದಳು ಪಾರ್ವತವ್ವ. ರಕ್ಷಿತಾ ರಾಜೀವಿಯ ಮುಖವನ್ನೇ ನೋಡಿದಳು. ಆ ನೋಟದಲ್ಲಿ ದ್ವೇಷ ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಶಾಲೆಯ ಅಕ್ಕೋರನ್ನು ಕಂಡ ಹುಡುಗಿಯ ಹೆದರಿಕೆ ಇತ್ತು, ಅಷ್ಟೆ.

ಭಾನುವಾರ ರಾಜೀವಿ ಹುಬ್ಬಳ್ಳಿ ಬಸ್ಸು ಹತ್ತಿ ಕಿರವತ್ತಿಯಲ್ಲಿ ಇಳಿದಳು. ಡಾಬಾಗಳ ಸಾಲು ದಾಟಿ, ಕೇಳುತ್ತ ಕೇಳುತ್ತ ಚೌಡನ ಮನೆ ಹುಡುಕಿದಳು. ಚೌಡ ದ್ಯಾವಮ್ಮನ ತಮ್ಮ, ಎರಡು ಎಕರೆ ಗದ್ದೆ, ಉಳಿದ ದಿನ ಕೂಲಿ. ಅವನು ಅಕ್ಕೋರನ್ನು ಕಂಡು ಕಂಬಳಿ ಹಾಸಿದ. ಅವನ ಹೆಂಡತಿ ಸ್ಟೀಲ್ ಲೋಟದಲ್ಲಿ ನೀರು ತಂದಿಟ್ಟು ಒಳಗೆ ಸರಿದಳು.

ದ್ಯಾವಮ್ಮ ಕೊಟ್ಟಿಗೆಯ ಪಕ್ಕದ ಇಳಿಜಾರು ಮಾಡಿನಡಿ ಕೂತಿದ್ದಳು. ಎಂಟು ದಿನದಲ್ಲಿ ಇನ್ನಷ್ಟು ಬತ್ತಿದ್ದಳು. ಅವಳ ಮಗ್ಗುಲಿಗೆ ಗೂಟದ ಮೇಲೆ ಅದೇ ಅಲ್ಯುಮಿನಿಯಂ ಲೋಟ ಬೋರಲಾಗಿತ್ತು. ಒಡಹುಟ್ಟಿದವನ ಮನೆಯಲ್ಲಿಯೂ ಅದಕ್ಕೆ ಹೊರಗೇ ಜಾಗ ಆಗಿತ್ತು.

ರಾಜೀವಿ ಹತ್ತಿರ ಹೋದರೆ ದ್ಯಾವಮ್ಮ ಕೈ ಅಡ್ಡ ಹಿಡಿದಳು. “ಅಲ್ಲೇ ಕುಂದರ್ರಿ. ಕೂಸು?”

“ಏನೂ ಇಲ್ಲ. ಚೆನ್ನಾಗಿದ್ದಾಳೆ.”

ದ್ಯಾವಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಹೆಗಲು ಅಲುಗುತ್ತಿತ್ತು, ಕೆಮ್ಮೋ ಅಳುವೋ ಗೊತ್ತಾಗಲಿಲ್ಲ. ಆಮೇಲೆ, “ಕೈ ಮ್ಯಾಲೆ ಬರೆ ಎದ್ದಿತ್ತನ್ರಿ?” ಅಂದಳು.

“ಇಲ್ಲ. ಅವಳಿಗೆ ಅದು ನೆನಪೂ ಇಲ್ಲ. ನೀನು ಎಲ್ಲಿ ಅಂತ ಕೇಳೋದನ್ನು ಮಾತ್ರ ಬಿಟ್ಟಿಲ್ಲ.” ರಾಜೀವಿ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಚೆದುರಿಹೋದವು. “ದ್ಯಾವಮ್ಮ, ವಾಪಸು ಬಾ. ಕೆಲಸಕ್ಕಲ್ಲ. ಕೋಣೆಯಲ್ಲಿ ಇರು, ಕಲ್ಲಯ್ಯನ ಮಾತ್ರೆ ತಪ್ಪಿಸಬೇಡ. ತಿಂಗಳ ಒಂದನೇ ತಾರೀಕಿಗೆ ಪಗಾರ ಬರುತ್ತದೆ, ಪೂರ್ತಿ. ಗುಣವಾದ ಮೇಲೆ ಕೆಲಸ ನಿಂದೇ.”

ದ್ಯಾವಮ್ಮ ತಲೆ ಅಲ್ಲಾಡಿಸಿದಳು. “ಮಾಡದ ಕೆಲಸಕ್ಕ ರೊಕ್ಕ ಯಾಕ್ರಿ? ದಾನ ಬ್ಯಾಡ್ರಿ ಅಕ್ಕೋರ. ತಮ್ಮನ ಮನ್ಯಾಗ ಇದ್ದಷ್ಟು ದಿನ ಇರ್ತೀನಿ.”

“ನನಗೆ ಕಾಮಾಲೆ ಆದಾಗ ಇಪ್ಪತ್ತು ದಿನ ಮಲಗಿದ್ದೆ. ನೀನೇ ನೋಡಿಕೊಂಡೆ. ಆಗ ಸರ್ಕಾರ ಕೊಟ್ಟಿದ್ದು ನನಗೆ ದಾನವಾ? ನಾನು ಅದನ್ನು ದಾನ ಅಂದುಕೊಂಡು ತಗೊಳ್ಳಲಿಲ್ಲ. ನನ್ನದು ಅಂತಲೇ ತಗೊಂಡೆ.”

ರಾಜೀವಿ ಚೀಲದಿಂದ ಲಕೋಟೆ ತೆಗೆದು ಕಂಬಳಿಯ ಮೇಲಿಟ್ಟಳು. ಫೆಬ್ರವರಿಯದ್ದು, ಮತ್ತು ಶ್ರಾವಣದಲ್ಲಿ ಮುರಿದುಕೊಂಡ ಹನ್ನೊಂದು ದಿನದ್ದು. ಅದನ್ನು ಹೇಳುವಾಗ ಅವಳಿಗೆ ಎದುರು ನೋಡುವ ಧೈರ್ಯವಾಗಲಿಲ್ಲ.

“ಆ ಹನ್ನೊಂದು ದಿನದ್ದು…” ದ್ಯಾವಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವಿತ್ತು. “ಆ ತಿಂಗಳು ರಕ್ಷಿತಾನ ಪುಸ್ತಕಕ್ಕ ಇಟ್ಟಿದ್ದು ಅಂಗಡಿಗೆ ಕೊಟ್ಟೆ. ಅವತ್ತ ತಿಳ್ಕೊಂಡೆ, ನಾವು ಬೀಳಬಾರದು, ಬಿದ್ರೂ ಹೇಳಬಾರದು ಅಂತ. ಅವತ್ತು ಮುರೀದ ಇದ್ದಿದ್ರ ಅಕ್ಕೋರ, ಕೆಮ್ಮು ಸುರು ಆದ ದಿನಾನ ನಿಮಗ ಹೇಳತಿದ್ದೆ. ಕೂಸಿನ ಹತ್ರ ಒಂದು ದಿನಾನೂ ಬರ್ತಿದ್ದಿಲ್ಲ.”

ಮಗಳ ಕೈಯನ್ನು ಬೆಳಕಿಗೆ ಹಿಡಿದು ನೋಡಿದ ಆ ಮೂರು ದಿನಗಳಿಗೆ ಬೀಜ ಹಾಕಿದ್ದು ತನ್ನದೇ ಭಾಗಾಕಾರ ಅಂತ ರಾಜೀವಿಗೆ ಚೆನ್ನಾಗಿ ತಿಳಿಯಿತು.

ಕೊನೆಗೆ ದ್ಯಾವಮ್ಮ ಒಪ್ಪಿದಳು. ಎರಡು ಮಾತು ತೆಗೆದುಕೊಂಡಳು. ಒಂದು, ಕಾಯಿಲೆಯ ಹೆಸರು ಊರಲ್ಲಿ ಯಾರ ಕಿವಿಗೂ ಬೀಳಬಾರದು. “ನಾಳೆ ರಕ್ಷಿತಾನ ಲಗ್ನ ಆಗಬೇಕ್ರಿ. ಟೀಬಿ ಮನೀ ಹುಡುಗಿ ಅಂದ್ರ ಯಾರು ಒಯ್ತಾರ?” ಇನ್ನೊಂದು, ಕೊನೆಯ ಮಾತ್ರೆ ನುಂಗುವವರೆಗೂ ತನ್ನ ಲೋಟ ಹೊರಗೇ ಇರಬೇಕು. ಲೋಟದಿಂದ ಬರುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ ಅಂದರೂ ಕೇಳಲಿಲ್ಲ. “ಡಾಕ್ಟರು ಹೇಳ್ತಾರ್ರಿ. ಕೂಸು ನಂದು.” ರಾಜೀವಿ ಎರಡಕ್ಕೂ ಮಾತು ಕೊಟ್ಟಳು. ಎರಡನೆಯದು ಇಷ್ಟು ಭಾರ ಬೀಳುತ್ತದೆ ಅಂತ ಆಗ ಗೊತ್ತಿರಲಿಲ್ಲ.

ದಿನಗಳು ನಡೆದವು. ಮಗುವನ್ನು ಅತ್ತೆ ನೋಡಿಕೊಂಡರು. ಏಪ್ರಿಲ್ ಹೊತ್ತಿಗೆ ದ್ಯಾವಮ್ಮನ ಕೆಮ್ಮು ನಿಂತು ಮುಖಕ್ಕೆ ಸ್ವಲ್ಪ ಕಳೆ ಬಂತು. ಕಫದಲ್ಲಿ ಈಗ ಏನೂ ಇಲ್ಲ ಅಂತ ಕಲ್ಲಯ್ಯ ಹೇಳಿದ. ಮಾತ್ರೆಯ ದಿನ ಆಸ್ಪತ್ರೆಯಿಂದ ಬರುವಾಗ ಅವಳು ಇವರ ಅಂಗಳಕ್ಕೆ ಬಂದು ಪೇರಲೆ ಗಿಡದಡಿ ಕೂರುತ್ತಿದ್ದಳು, ಸಂಹಿತಾ ಹೊಸ್ತಿಲ ಮೇಲೆ. ನಡುವೆ ಇಡೀ ಅಂಗಳ. ದ್ಯಾವಮ್ಮ ಒಂದು ಚಪ್ಪಾಳೆ ತಟ್ಟಿದರೆ ಮಗು ಎರಡು ತಟ್ಟಬೇಕು. ಆಟ ಮುಗಿದ ಮೇಲೆ ಅತ್ತೆ ಮೇಲಿನಿಂದ ಅಲ್ಯುಮಿನಿಯಂ ಲೋಟಕ್ಕೆ ಚಹಾ ಹೊಯ್ಯುವರು. ದ್ಯಾವಮ್ಮ ಕುಡಿದು, ತೊಳೆದು, ಗೋಡೆಯ ಮೇಲೆ ಬೋರಲು ಹಾಕಿ ಹೋಗುವಳು. ಪಕ್ಕದ ಮನೆಯವರು ನೋಡಿಯೂ ನೋಡದ ಹಾಗೆ ಇದ್ದರು. ಅವರ ಮನೆಯ ಹಿತ್ತಿಲಲ್ಲಿಯೂ ಅಂಥ ಲೋಟ ಇತ್ತಲ್ಲ, ಅವರಿಗೆ ಇದು ವಿಶೇಷ ಅನಿಸಲಿಲ್ಲ.

ಅಂಥದ್ದೇ ಒಂದು ಬೆಳಿಗ್ಗೆ ಶಾಂತಾರಾಮ ಮಾಸ್ತರು ಮಗಳ ಮದುವೆಯ ಕರೆಯೋಲೆ ಹಿಡಿದು ಬಂದರು. ರಾಜೀವಿ ಸಂಭ್ರಮದಿಂದ ಜಗುಲಿಯಲ್ಲಿ ಕುರ್ಚಿ ಹಾಕಿ ಸ್ಟೀಲ್ ಲೋಟದಲ್ಲಿ ಚಹಾ ತಂದುಕೊಟ್ಟಳು. ಮಾಸ್ತರು ಗಂಡಿನ ಮನೆ ಸಿದ್ದಾಪುರ ಅಂತ ಹೇಳುತ್ತಿದ್ದವರು ಮಾತಿನ ನಡುವೆ ನಿಂತರು. ಅಂಗಳದಲ್ಲಿ ಅತ್ತೆ ಕೈ ಎತ್ತರಿಸಿ ಚಹಾ ಹೊಯ್ಯುತ್ತಿದ್ದರು. ಕೆಳಗೆ ದ್ಯಾವಮ್ಮ ಲೋಟ ಹಿಡಿದಿದ್ದಳು. ಅವಳು ಕುಡಿದಳು, ತೊಳೆದಳು, ಗೋಡೆಯ ಮೇಲೆ ಇಟ್ಟಳು. ಮಾಸ್ತರರ ಕಣ್ಣು ಕೊನೆಯವರೆಗೂ ಆ ಲೋಟದ ಹಿಂದೆಯೇ ಹೋಯಿತು.

“ನಿಮ್ಮನೆಗೂ ಬಂತಾ ಅಕ್ಕೋರೆ ಇದು?” ಅಂದರು ಮೆಲ್ಲಗೆ.

ಒಂದೇ ಒಂದು ಮಾತು ಸಾಕಿತ್ತು. ಕಾಯಿಲೆ ಅಂದರೆ ಸಾಕು, ಆ ಮುಖದ ಮೇಲೆ ಹಳೆಯ ಗೌರವ ಮರಳಿ ಬರುತ್ತಿತ್ತು, ಬಹುಶಃ ಇನ್ನೂ ಹೆಚ್ಚಾಗಿಯೇ. ಅಂಗಳದಲ್ಲಿ ದ್ಯಾವಮ್ಮನಿಗೂ ಅದು ಕೇಳಿಸಿತ್ತು. ಅವಳು ಎದ್ದು ನಿಂತಳು, ಸೆರಗು ಸರಿ ಮಾಡಿಕೊಂಡು ಬಾಯಿ ತೆರೆದಳು. ರಾಜೀವಿಯ ಮಾನಕ್ಕಾಗಿ ತನ್ನ ಮಗಳ ಲಗ್ನವನ್ನು ಪಣಕ್ಕಿಡಲು ಹೊರಟಿದ್ದಳು ಆ ಹೆಂಗಸು.

“ಹೌದು ಮಾಸ್ತರೆ,” ಅಂದಳು ರಾಜೀವಿ ಗಟ್ಟಿಯಾಗಿ, ಅಂಗಳಕ್ಕೂ ಕೇಳುವ ಹಾಗೆ. “ನಮ್ಮನೆಗೂ ಬಂತು.”

ಶಾಂತಾರಾಮ ಮಾಸ್ತರು ಬಾಯಿಗೆ ತಾಗಿಸದ ಚಹಾವನ್ನು ಕುರ್ಚಿಯ ಪಕ್ಕ ಕೆಳಗಿಟ್ಟರು. ಕರೆಯೋಲೆಯನ್ನು ಮಾತ್ರ ಮರ್ಯಾದೆಯಿಂದ ಎರಡು ಕೈಯಲ್ಲಿ ಕೊಟ್ಟು, “ಮದುವೆಗೆ ಬನ್ನಿ,” ಅಂದು ಮೆಟ್ಟಿಲು ಇಳಿದರು. ಗೇಟಿನ ಬಳಿ ಒಮ್ಮೆ ಆ ಲೋಟದ ಕಡೆ ನೋಡಿ ಹೋದರು. ಅವರ ಅಜ್ಜಿ ನೆನಪಾಗಿರಬೇಕು.

“ಹೇಳಿಬಿಡಬೇಕಿತ್ರಿ ಅಕ್ಕೋರ,” ದ್ಯಾವಮ್ಮ ಅಳುತ್ತಿದ್ದಳು. “ಎಂಥಾ ಮಾತು ಕೇಳಸ್ಕೊಂಡ್ರಿ ನನ್ನ ಸಲುವಾಗಿ.”

“ಜುಲೈ ಬರಲಿ, ಮಾತ್ರೆ ಮುಗಿಯಲಿ. ಆ ಲೋಟ ನೀನೇ ಒಳಗೆ ತಂದಿಡು. ಅಷ್ಟು ಮಾಡು ಸಾಕು.”

ಅವಳು ಹೋದ ಮೇಲೆ ರಾಜೀವಿ ಜಗುಲಿಯ ಮೆಟ್ಟಿಲ ಮೇಲೆ ಕೂತಳು. ಮಾಸ್ತರು ಬಿಟ್ಟು ಹೋದ ಚಹಾ ಕೆನೆಗಟ್ಟಿತ್ತು. ಚೆಲ್ಲಲು ಎತ್ತಿದವಳು ಚೆಲ್ಲಲಿಲ್ಲ. ಗೋಡೆಯ ಮೇಲಿನ ಲೋಟವನ್ನು ನೋಡುತ್ತ, ಆರಿದ ಆ ಚಹಾವನ್ನು ತಳದವರೆಗೂ ತಾನೇ ಕುಡಿದಳು.